ತಿಂಡಿ, ನವೆ, ಖಾಜ್: ಬಸುರಿನ ತುರಿಕೆಯ ಕತೆ

ನಾನು ಮೈಸೂರಿನವಳು, ಪುಣೆಯಲ್ಲಿ ಚರ್ಮದ ಡಾಕ್ಟರ್. ವಾಘೋಲಿ ಕಡೆ ಕ್ಲಿನಿಕ್ ಶುರು ಮಾಡಿದ ಹೊಸತರಲ್ಲಿ, ಕಟ್ಟಡದ ಕೆಲಸಕ್ಕೆ ಬಂದಿದ್ದ ಕಲಬುರಗಿ ಕಡೆಯ ಎಂಟು ತಿಂಗಳ ಬಸುರಿಯೊಬ್ಬಳು ಬಂದು, "ಅಕ್ಕಾರ, ರಾತ್ರಿ ಆತಂದ್ರ ಅಂಗಾಲಿಗೆ ಭಾಳ ತಿಂಡಿ ಬಿಡ್ತದ್ರಿ" ಅಂದಳು. ನನಗೆ ತಿಂಡಿ ಅಂದರೆ ಇಡ್ಲಿ, ಉಪ್ಪಿಟ್ಟು. ಪೆದ್ದಿಯ ಹಾಗೆ ಅವಳ ಮುಖ ನೋಡಿದೆ. ಜೊತೆಗಿದ್ದ ಅತ್ತೆ ಕೈ ಕೆರೆದು ತೋರಿಸಿದ ಮೇಲೆ ಗೊತ್ತಾಯಿತು, ನಮ್ಮ ಕಡೆ ನವೆ ಅಂತೀವಲ್ಲ, ಇಲ್ಲಿನ ಮರಾಠಿಯವರು ಖಾಜ್ ಅಂತಾರಲ್ಲ, ಅದೇ ಇದು.

ಅವಳು ಆಗಲೇ ಮೆಡಿಕಲ್ ಶಾಪಿನಿಂದ ಕಜ್ಜಿಯ ಲೋಷನ್ ತಂದು ಎರಡು ಸಲ ಹಚ್ಚಿಕೊಂಡಿದ್ದಳು. ಬೆರಳ ಸಂದಿ ನೋಡಿದೆ, ಏನೂ ಇಲ್ಲ. ಗಂಡನಿಗೂ ತುರಿಕೆ ಇಲ್ಲ. ಮೈಮೇಲೆ ಒಂದು ಗುಳ್ಳೆಯೂ ಇಲ್ಲ, ಬರೀ ಉಗುರಿನ ಗೀರು. ತಗಡಿನ ಶೆಡ್ಡಿನ ಸೆಕೆ ಅಂತ ಹೇಳಿ ಪೌಡರ್ ಕೊಟ್ಟು ಕಳಿಸೋ ಮನಸ್ಸು ಒಂದು ಕ್ಷಣ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಸೆಕೆಗೆ ಬೆನ್ನು, ಕತ್ತು ತುರಿಸುತ್ತೆ. ಗುಳ್ಳೆ ಇಲ್ಲದೆ ಅಂಗೈ ಅಂಗಾಲು ಮಾತ್ರ, ಅದೂ ರಾತ್ರಿ ಜಾಸ್ತಿ ತುರಿಸಿದರೆ ಲಿವರ್ ನೋಡಬೇಕು. ಬಸುರಿನ ಕೊನೆ ತಿಂಗಳುಗಳಲ್ಲಿ ಕೆಲವರಿಗೆ ಪಿತ್ತರಸ ಸರಿಯಾಗಿ ಹರಿಯೋದಿಲ್ಲ, ಅದರ ಆಮ್ಲ ರಕ್ತದಲ್ಲಿ ಏರುತ್ತೆ. ಇದಕ್ಕೆ ಕೊಲೆಸ್ಟಾಸಿಸ್ ಅಂತಾರೆ. ತಾಯಿಗೆ ನಿದ್ದೆ ಹಾಳು, ಅಷ್ಟೇ. ಅಪಾಯ ಇರೋದು ಮಗುವಿಗೆ.

ಬೈಲ್ ಆಸಿಡ್, ಅಂದರೆ ಆ ಪಿತ್ತರಸದ ಆಮ್ಲದ ಟೆಸ್ಟು, ಮತ್ತು ಲಿವರ್ ಟೆಸ್ಟ್ ಬರೆದೆ. ರಿಪೋರ್ಟ್ ಬರೋದಕ್ಕೆ ಮೂರು ದಿನ. ಅಲ್ಲಿವರೆಗೆ ಕಾಯದೆ ಅವತ್ತೇ ಅವಳ ಹೆರಿಗೆ ಡಾಕ್ಟರಿಗೆ ಫೋನ್ ಮಾಡಿದೆ. ಬೈಲ್ ಆಸಿಡ್ 10ರ ಒಳಗೆ ಇರಬೇಕಾಗಿದ್ದು 52 ಬಂತು. 100 ದಾಟಿದರೆ ಮಗು ಹೊಟ್ಟೆಯಲ್ಲೇ ಹೋಗೋ ಭಯ ನಿಜಕ್ಕೂ ಹೆಚ್ಚು, ಹಾಗಾಗಿ ಮತ್ತೆ ಮತ್ತೆ ಟೆಸ್ಟ್ ಮಾಡಿಸಿದೆವು. ಇದಕ್ಕೆ ಸಾಮಾನ್ಯವಾಗಿ ಕೊಡೋ ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಮಾತ್ರೆ ಕೊಟ್ಟೆವು, ಆದರೆ ಅದರ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. 2019ರಲ್ಲಿ ಬ್ರಿಟನ್ನಿನಲ್ಲಿ 605 ಬಸುರಿಯರ ಮೇಲೆ ನಡೆದ ಪರೀಕ್ಷೆ ಪ್ರಕಟವಾಯಿತು, ಅದರಲ್ಲಿ ಮಗುವಿಗೆ ಲಾಭ ಕಾಣಲಿಲ್ಲ, ತುರಿಕೆಯೂ ಇಳಿದಿದ್ದು ಸ್ವಲ್ಪವೇ. 37 ವಾರಕ್ಕೆ ಹೆರಿಗೆ ಮಾಡಿಸಿದರು. ಮಗು ಚೆನ್ನಾಗಿತ್ತು, ವಾರದೊಳಗೆ ಅವಳ ತಿಂಡಿಯೂ ನಿಂತಿತು. ಮುಂದಿನ ಬಸುರಿನಲ್ಲಿ ಇದು ಮತ್ತೆ ಬರೋ ಸಾಧ್ಯತೆ ಜಾಸ್ತಿ, ಮೊದಲೇ ಬಾ ಅಂತ ಚೀಟಿಯಲ್ಲಿ ಬರೆದುಕೊಟ್ಟೆ.

ಎರಡು ವರ್ಷದ ಮೇಲೆ ನನ್ನ ಸರದಿ. ಚೊಚ್ಚಲು, 35ನೇ ವಾರ, ಮೇ ತಿಂಗಳು. ಹೊಟ್ಟೆ ಬಿರಿದ ಗೆರೆಗಳ ಮೇಲೆಯೇ ಕೆಂಪು ಗುಳ್ಳೆ ಎದ್ದು ನಾಲ್ಕು ದಿನದಲ್ಲಿ ತೊಡೆಗೆ ಇಳಿಯಿತು. ಬಾಣಂತನಕ್ಕೆ ಬಂದಿದ್ದ ಅಮ್ಮ, "ಮಗೂಗೆ ತಲೆಕೂದಲು ಬರ್ತಿದೆ ಕಣೇ, ಅದಕ್ಕೇ ನವೆ" ಅಂತ ಬೇವಿನ ಸೊಪ್ಪು ಕುದಿಸೋಕೆ ಹೋದರು. ನಾನು ಕನ್ನಡಿ ಮುಂದೆ ನಿಂತು ಹೊಕ್ಕುಳು ನೋಡಿಕೊಂಡೆ. ಸುತ್ತ ಚರ್ಮ ಚೊಕ್ಕಟ. ಸದ್ಯ! ಹೊಕ್ಕುಳ ಸುತ್ತಲೇ ಶುರುವಾಗಿ ನೀರುಗುಳ್ಳೆ ಆಗಿದ್ದರೆ ಪೆಂಫಿಗಾಯ್ಡ್ ಅನ್ನೋ ಅಪರೂಪದ ಕಾಯಿಲೆ ಇರಬಹುದು, ಚರ್ಮದ ಚೂರು ತೆಗೆದು ಪರೀಕ್ಷೆ ಮಾಡಿಸಬೇಕು. ನನ್ನದು ಪಾಲಿಮಾರ್ಫಿಕ್ ಇರಪ್ಷನ್, ಬಸುರಿನಲ್ಲಿ ಏಳೋ ತುರಿಕೆ ಗುಳ್ಳೆ. ಹಿಂದೆ ಪಿಯುಪಿಪಿಪಿ ಅಂತಿದ್ದರು. ಚೊಚ್ಚಲಿನವರಿಗೆ, ಅವಳಿ ಇದ್ದವರಿಗೆ ಬರೋದು ಜಾಸ್ತಿ, ಮಗುವಿಗೆ ಏನೂ ಆಗೋದಿಲ್ಲ. ಆದರೂ ಲಿವರ್ ಟೆಸ್ಟ್ ಮಾಡಿಸಿಕೊಂಡೆ. ವಾಘೋಲಿಯ ಆ ಅಂಗಾಲು ಮರೆತಿರಲಿಲ್ಲ.

ಮೊಮೆಟಾಸೋನ್ ಮುಲಾಮು ತರಿಸಿದಾಗ ಅಂಗಡಿಯವನು, "ಸ್ಟೀರಾಯ್ಡ್ ಇದೆ, ಬಸುರಿಗೆ ಬೇಡ" ಅಂತ ಅಮ್ಮನನ್ನು ಹೆದರಿಸಿ ಕಳಿಸಿದ. ಈ ಹೆದರಿಕೆಗೆ ಎಷ್ಟು ಜನ ಸುಮ್ನೆ ನರಳುತ್ತಾರೋ. ಸ್ಟ್ರಾಂಗ್ ಮುಲಾಮನ್ನು ಇಡೀ ಬಸುರಿನಲ್ಲಿ 300 ಗ್ರಾಂ ಮೀರಿ ಹಚ್ಚಿದವರಲ್ಲಿ ಮಗುವಿನ ತೂಕ ಕಮ್ಮಿ ಆಗಿದ್ದು ಕಂಡಿದೆ. ನಾನು ಬಳಸಿದ್ದು 15 ಗ್ರಾಮಿನ ಎರಡು ಟ್ಯೂಬ್. ಅದೂ ನಾನೇ ನಿರ್ಧರಿಸಲಿಲ್ಲ, ಜೊತೆಯ ಡಾಕ್ಟರಿಗೆ ತೋರಿಸಿದೆ, ತನ್ನ ಮೈಗೆ ತಾನೇ ಔಷಧಿ ಬರೆದುಕೊಳ್ಳೋದು ಕೆಟ್ಟ ಚಾಳಿ. ರಾತ್ರಿ ತುರಿಕೆಗೆ ಒಂದು ಸೆಟ್ರಿಜಿನ್ ಮಾತ್ರೆ. ಬಿಸಿನೀರು ಬಿಟ್ಟು ಉಗುರುಬೆಚ್ಚಗಿನ ನೀರು, ಅಮ್ಮನ ಹಳೇ ಕಾಟನ್ ಸೀರೆ ಒದ್ದೆ ಮಾಡಿ ಹೊಟ್ಟೆ ಮೇಲೆ. ನಿಜ ಹೇಳಬೇಕಂದರೆ ಮಾತ್ರೆಗಿಂತ ಆ ಸೀರೆಯೇ ನಿದ್ದೆ ಕೊಟ್ಟಿದ್ದು. ಬೇವಿನ ನೀರನ್ನು ಅಮ್ಮನಿಗೆ ಬೇಜಾರಾಗಬಾರದು ಅಂತ ಕಾಲಿಗೆ ಮಾತ್ರ ಹಾಕಿಸಿಕೊಂಡೆ.

ಹೆರಿಗೆಯಾಗಿ ಎರಡು ವಾರದಲ್ಲಿ ಗುಳ್ಳೆ ಒಣಗಿದವು. ಮಗಳ ತಲೆ ಪೂರಾ ಬೋಳು. "ಅಮ್ಮಾ, ಕೂದಲೆಲ್ಲಿ?" ಅಂದೆ. "ನೀನು ಕೆರೆದು ಕೆರೆದು ಉದುರಿಸಿದ್ದೀಯ" ಅಂದರು.