ಪಿಯುಜೆ ಬ್ಲಾಕ್‌ಗೆ ರೋಬೋಟಿಕ್ ಪೈಲೋಪ್ಲಾಸ್ಟಿ: ಒಪ್ಪುವ ಮುಂಚೆ, ಟೇಬಲ್ ಮೇಲೆ, ಮನೆಗೆ ಬಂದಮೇಲೆ

ಕಿಡ್ನಿಯೊಳಗೆ ಮೂತ್ರ ಸೇರುವ ಚೀಲ (ಪೆಲ್ವಿಸ್) ಮೂತ್ರನಾಳಕ್ಕೆ ಕೂಡುವ ಜಾಗವೇ ಪಿಯುಜೆ. ಅಲ್ಲಿ ಕಿರಿದಾಗಿ ಮೂತ್ರ ಇಳಿಯದಿದ್ದರೆ ಅದು ಬ್ಲಾಕ್; ಆ ಭಾಗ ತೆಗೆದು ಮತ್ತೆ ಜೋಡಿಸುವ ಆಪರೇಷನ್ನೇ ಪೈಲೋಪ್ಲಾಸ್ಟಿ. ಅಲ್ಟ್ರಾಸೌಂಡ್‌ನಲ್ಲಿ ಕಿಡ್ನಿ ಊದಿದೆ ಅಂತ ಬಂದ ಮಾತ್ರಕ್ಕೆ ಆಪರೇಷನ್‌ಗೆ ಹೊರಡಬೇಡಿ. ಊದಿದ ಕಿಡ್ನಿಗಳಲ್ಲಿ ಎಲ್ಲವೂ ಬ್ಲಾಕ್ ಆಗಿರುವುದಿಲ್ಲ. ಮೊದಲು ಡಿಟಿಪಿಎ ಅಥವಾ ಇಸಿ ರೀನೋಗ್ರಾಂ (ಈ ಹೆಸರಿನ ವಿಕಿರಣ ಸೂಸುವ ಔಷಧ ಚುಚ್ಚಿ, ಕಿಡ್ನಿಯ ಕೆಲಸ ಅಳೆಯುವ ಸ್ಕ್ಯಾನ್) ಮಾಡಿಸಿ. ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಕೊಟ್ಟಮೇಲೂ ಅರ್ಧದಷ್ಟು ಸ್ಕ್ಯಾನ್ ಔಷಧ ಇಳಿಯಲು 20 ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಸಾಮಾನ್ಯವಾಗಿ ಅಡಚಣೆ ಇದೆ ಎಂದರ್ಥ. ಜೊತೆಗೆ ನೋವು, ಸೋಂಕು, ಕಲ್ಲು ಇದ್ದರೆ, ಅಥವಾ ಆ ಕಿಡ್ನಿಯ ಪಾಲಿನ ಕೆಲಸ ಶೇ. 40ಕ್ಕಿಂತ ಕೆಳಗಿಳಿದಿದ್ದರೆ ರಿಪೇರಿ ಬೇಕಾಗುತ್ತದೆ. ಯೂರಿನ್ ಕಲ್ಚರ್‌ನಲ್ಲಿ ಸೋಂಕು ಕಂಡರೆ ಮೊದಲು ಅದು ವಾಸಿಯಾಗಲಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮುಂಚೆಯೇ ಹೇಳಿ.

ರೋಗಿಯನ್ನು ಪಕ್ಕಕ್ಕೆ ಒರಗಿಸಿ, 8 ಮಿ.ಮೀ.ನ ಮೂರೋ ನಾಲ್ಕೋ ತೂತು, ಸಹಾಯಕರಿಗೊಂದು ತೂತು ಮಾಡುತ್ತಾರೆ. ಕರುಳನ್ನು ಸರಿಸಿ ಮೂತ್ರನಾಳ ಹುಡುಕುವಾಗ ಅದರ ಸುತ್ತಲಿನ ಕೊಬ್ಬನ್ನು ಕೆರೆದು ತೆಗೆಯುವಂತಿಲ್ಲ. ನಾಳಕ್ಕೆ ರಕ್ತ ಬರುವುದೇ ಅಲ್ಲಿಂದ. ಕೆಲವರಲ್ಲಿ ಕಿಡ್ನಿಯ ಕೆಳತುದಿಗೆ ಹೋಗುವ ರಕ್ತನಾಳವೊಂದು ಅಡ್ಡ ಬಂದಿರುತ್ತದೆ. ಅದನ್ನು ಕತ್ತರಿಸಿದರೆ ಅಷ್ಟು ಭಾಗದ ಕಿಡ್ನಿ ಸಾಯುತ್ತದೆ. ಹಾಗಾಗಿ ಹೊಲಿಗೆಯನ್ನು ಆ ರಕ್ತನಾಳದ ಮುಂದಕ್ಕೆ ತಂದು ಹಾಕುತ್ತಾರೆ.

ಕಿರಿದಾದ ತುಂಡು ತೆಗೆದು, ಮೂತ್ರನಾಳವನ್ನು ಹೊರಬದಿಯಲ್ಲಿ ಒಂದೂವರೆಯಿಂದ ಎರಡು ಸೆಂ.ಮೀ. ಉದ್ದಕ್ಕೆ ಸೀಳುತ್ತಾರೆ. ಆ ಸೀಳಿನ ಕೆಳಮೂಲೆಯನ್ನು ಪೆಲ್ವಿಸ್‌ನ ತೀರಾ ತಗ್ಗಿನ ಜಾಗಕ್ಕೆ ಸೇರಿಸುವುದೇ ಮೊದಲ ಹೊಲಿಗೆ. ನಮ್ಮ ಲೆಕ್ಕದಲ್ಲಿ ಇಡೀ ಆಪರೇಷನ್‌ನ ಗೆಲುವು ನಿಂತಿರುವುದು ಇಲ್ಲೇ. ನಾಳ ತಿರುಚಿಕೊಂಡರೆ ಅಥವಾ ಬಿಗಿಯಾಗಿ ಎಳೆದಂತಿದ್ದರೆ ಮುಂದೆ ಸೋರುತ್ತದೆ, ಇಲ್ಲವೇ ಮತ್ತೆ ಕಿರಿದಾಗುತ್ತದೆ. ಕರಗುವ 4-0 ಅಥವಾ 5-0 ದಾರದಲ್ಲಿ ಹಿಂಬದಿ ಹೊಲಿದು, ಡಿಜೆ ಸ್ಟೆಂಟ್ (ಕಿಡ್ನಿಯಿಂದ ಮೂತ್ರಕೋಶದವರೆಗಿನ ತೆಳು ನಳಿಕೆ) ಇಳಿಸಿ, ಮುಂಬದಿ ಮುಚ್ಚುತ್ತಾರೆ. ಆಂಡರ್ಸನ್ ಮತ್ತು ಹೈನ್ಸ್ 1949ರಲ್ಲೇ ವಿವರಿಸಿದ ವಿಧಾನವಿದು. ಮಣಿಕಟ್ಟಿನಂತೆ ತಿರುಗುವ ರೋಬೋಟ್ ಸೂಜಿ ಹಿಡಿದಾಗ ಹೊಲಿಗೆ ಸಲೀಸು, ಅಷ್ಟೇ.

ಮೂತ್ರಕೋಶಕ್ಕೆ ಹಾಕಿದ ನಳಿಕೆ, ಕ್ಯಾತಿಟರ್, ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಹೊರಬರುತ್ತದೆ. ಆಮೇಲೆ ಡ್ರೈನ್‌ನಲ್ಲಿ (ಆಪರೇಷನ್ ಜಾಗದ ದ್ರವ ಹೊರಗೆ ತರುವ ನಳಿಕೆ) ನೀರು ಹೆಚ್ಚಿದರೆ, ಅದು ಮೂತ್ರವೇ ಎಂದು ತಿಳಿಯಲು ಅದರ ಕ್ರಿಯಾಟಿನಿನ್ ನೋಡುತ್ತಾರೆ. ಮೂತ್ರ ಸೋರುತ್ತಿದ್ದರೆ ಕ್ಯಾತಿಟರ್ ವಾಪಸ್. ಹೆಚ್ಚಿನಂಶ ತಾನಾಗಿ ನಿಲ್ಲುತ್ತದೆ.

ಸ್ಟೆಂಟ್ ಇರುವಷ್ಟು ದಿನ ಮೂತ್ರ ಮಾಡುವಾಗ ಪಕ್ಕೆ ಸೆಳೆಯುವುದು, ಓಡಾಡಿದಾಗ ಮೂತ್ರ ಕೆಂಪಗಾಗುವುದು ಸಹಜ. ನೀರು ಚೆನ್ನಾಗಿ ಕುಡಿಯಿರಿ, ಮೂತ್ರ ತಡೆಯಬೇಡಿ: ಸ್ಟೆಂಟ್ ಮೂಲಕ ಅದು ಮೇಲಕ್ಕೇರುತ್ತದೆ. ಚಳಿಜ್ವರ ಬಂದರೆ, ರಕ್ತದ ಗಡ್ಡೆ ಹೋದರೆ, ಮೂತ್ರ ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. 4ರಿಂದ 6 ವಾರಕ್ಕೆ ಸ್ಟೆಂಟ್ ತೆಗೆಸಲೇಬೇಕು. ಮರೆತು ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೇ ಕಲ್ಲು ಕಟ್ಟುತ್ತದೆ.

ಸುಮಾರು ಮೂರು ತಿಂಗಳಿಗೆ ಮತ್ತೆ ರೀನೋಗ್ರಾಂ. ಅಲ್ಟ್ರಾಸೌಂಡ್‌ನಲ್ಲಿ ಊತ ಪೂರ್ತಿ ಹೋಗದೇ ಇರಬಹುದು, ಗಾಬರಿ ಬೇಡ. ಮೊದಲು ಮಾಡಿಸಿದ ಕಡೆಯೇ, ಅದೇ ಔಷಧದಲ್ಲಿ ಸ್ಕ್ಯಾನ್ ಮಾಡಿಸಿ, ಹಳೇ ರಿಪೋರ್ಟ್ ಜೊತೆಗೆ ಒಯ್ಯಿರಿ. ಆಗ ಮಾತ್ರ ಎರಡು ಅಂಕಿಗಳನ್ನು ಹೋಲಿಸಲು ಬರುತ್ತದೆ.