ನಮ್ಮ ಭಾಗದ ಮಾತಾಡುವ ಎಐ: ಸ್ವಭಾವ ಕೂರಿಸುವ ಕ್ರಮ

ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್ ಯಾವುದೇ ಇರಲಿ, ಅದಕ್ಕೆ ತಮಗೆ ಬೇಕಾದ ಸ್ವಭಾವ ಕೊಡಲು ಕೂತವರಲ್ಲಿ ಹೆಚ್ಚಿನವರು ಬರೆಯುವುದು ಒಂದೇ ಸಾಲು: ‘ನೀನು ಸ್ನೇಹಮಯಿ, ತಾಳ್ಮೆಯುಳ್ಳ, ಬುದ್ಧಿವಂತ ಸಹಾಯಕ. ಕಲಬುರಗಿ ಕನ್ನಡದಲ್ಲಿ ಮಾತಾಡು.’ ಎರಡು ದಿನ ಚೆನ್ನಾಗಿರುತ್ತದೆ. ಮೂರನೇ ದಿನಕ್ಕೆ ಅದು ನಾಟಕದ ಪಾತ್ರಧಾರಿಯ ಹಾಗೆ ಪ್ರತಿ ಪದಕ್ಕೂ ‘ರಿ’ ಅಂಟಿಸಿಕೊಂಡು, ಕೇಳಿದ್ದಕ್ಕೆಲ್ಲ ‘ಹೌದ್ರಿ’ ಎನ್ನತೊಡಗುತ್ತದೆ. ಗುಣವಾಚಕ ಪೇರಿಸಿದರೆ ಸ್ವಭಾವ ಬರುವುದಿಲ್ಲ. ಯಾವ ಮಾತಿಗೆ ಯಾವ ಉತ್ತರ ಎಂದು ತೋರಿಸಿಕೊಟ್ಟರೆ ಮಾತ್ರ ಬರುತ್ತದೆ.

ಉದಾಹರಣೆಗೆ ಆಳಂದ ಅಥವಾ ಸೇಡಂ ಕಡೆಯ ಒಂದು ಬೀಜ-ಗೊಬ್ಬರದ ಅಂಗಡಿಯನ್ನು ಇಟ್ಟುಕೊಳ್ಳೋಣ. ರೈತರು ವಾಟ್ಸ್‌ಆ್ಯಪಿನಲ್ಲಿ ಕೇಳುವ ಪ್ರಶ್ನೆಯನ್ನು ಅಂಗಡಿಯ ಹುಡುಗ ಎಐಗೆ ಹಾಕುತ್ತಾನೆ, ಬಂದ ಉತ್ತರವನ್ನು ಓದಿ ಸರಿಯಿದ್ದರೆ ಕಳಿಸುತ್ತಾನೆ. ಮನೆಪಾಠಕ್ಕೋ ಬಿದರಿ ಸಾಮಾನಿನ ಮಾರಾಟಕ್ಕೋ ಬೇಕಾದರೂ ಕ್ರಮ ಇದೇ.

ಹಂತ 1: ಕೆಲಸ ಒಂದೇ ಇರಲಿ

‘ರೈತರ ಪ್ರಶ್ನೆಗೆ ನಾಲ್ಕು ಸಾಲಿನೊಳಗೆ ಉತ್ತರದ ಕರಡು ಬರೆಯುವುದು.’ ಇಷ್ಟು ಸಾಕು. ಲೆಕ್ಕಪತ್ರ, ಜಾಹೀರಾತು, ಮಗಳ ಹೋಂವರ್ಕ್ ಎಲ್ಲವನ್ನೂ ಒಂದೇ ಸಹಾಯಕನ ಮೇಲೆ ಹೇರಬೇಡಿ.

ಹಂತ 2: ಎಲ್ಲಿ ಬರೆಯಬೇಕು

ಚಾಟ್‌ಜಿಪಿಟಿಯ ಸೆಟ್ಟಿಂಗ್ಸ್‌ನಲ್ಲಿ ‘ಕಸ್ಟಮ್ ಇನ್‌ಸ್ಟ್ರಕ್ಷನ್ಸ್’ ಎಂಬ ಜಾಗ ಇದೆ. 2023ರಿಂದ ಇರುವ ಸೌಲಭ್ಯ. ಆದರೆ ಅಲ್ಲಿ ಬರೆದದ್ದು ಆ ಖಾತೆಯ ಎಲ್ಲ ಹೊಸ ಮಾತುಕತೆಗೂ ಅನ್ವಯಿಸುತ್ತದೆ, ಹಾಗಾಗಿ ಮಗಳು ಗಣಿತ ಕೇಳಿದರೂ ಗೊಬ್ಬರದಂಗಡಿಯ ದನಿಯೇ ಬರುತ್ತದೆ. ಜಾಗವೂ ಚಿಕ್ಕದು, ಒಂದು ಪೆಟ್ಟಿಗೆಗೆ 1500 ಅಕ್ಷರದ ಮಿತಿ. ಕನ್ನಡದಲ್ಲಿ ಇದು ಬೇಗ ಮುಗಿಯುತ್ತದೆ. ಕಂಪ್ಯೂಟರು ಗುಣಿತದ ಚಿಹ್ನೆ, ಒತ್ತಕ್ಷರ ಎಲ್ಲವನ್ನೂ ಬೇರೆ ಬೇರೆ ಎಣಿಸುವುದರಿಂದ, ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ ‘ಕ್ಷೇತ್ರ’ ಅದರ ಲೆಕ್ಕದಲ್ಲಿ ಏಳು. ಹಾಗಾಗಿ ಒಂದು ಕೆಲಸಕ್ಕೆ ಮಾತ್ರ ಬೇರೆಯಾಗಿ ಸೂಚನೆ ಬರೆದಿಡುವ ಜಾಗಗಳಾದ ಜೆಮಿನಿಯ ‘ಜೆಮ್’, ಕ್ಲಾಡಿನ ‘ಪ್ರಾಜೆಕ್ಟ್’, ಚಾಟ್‌ಜಿಪಿಟಿಯದೇ ‘ಕಸ್ಟಮ್ ಜಿಪಿಟಿ’ ಇವುಗಳಲ್ಲಿ ಒಂದನ್ನು ಆರಿಸಿ. ಕಸ್ಟಮ್ ಜಿಪಿಟಿ ಮಾಡಲು ದುಡ್ಡು ಕಟ್ಟಿದ ಖಾತೆ ಬೇಕು.

‘ಸಾವಿರ ರೆಡಿ ಪ್ರಾಂಪ್ಟ್’ (ಎಐಗೆ ಕೊಡುವ ಸಿದ್ಧ ಸೂಚನೆ) ಎಂದು ವಾಟ್ಸ್‌ಆ್ಯಪಿನಲ್ಲಿ ಮಾರುವ ಪಿಡಿಎಫ್‌ಗಳನ್ನು ಕೊಳ್ಳಬೇಡಿ. ಅವುಗಳ ತುಂಬ ‘ನೀನು ಜಗತ್ತಿನ ಶ್ರೇಷ್ಠ ಕೃಷಿ ತಜ್ಞ’ ಎಂಬ ಬಗೆಯ ಸಾಲುಗಳೇ ಇರುತ್ತವೆ. ಶ್ರೇಷ್ಠ ತಜ್ಞ ಎಂದು ಹೇಳಿದ ಮಾತ್ರಕ್ಕೆ ಯಂತ್ರಕ್ಕೆ ಹೊಸ ಜ್ಞಾನ ಬರುವುದಿಲ್ಲ, ಗೊತ್ತಿಲ್ಲದ್ದನ್ನೂ ತಜ್ಞನ ಠೀವಿಯಲ್ಲಿ ಹೇಳುವ ಚಾಳಿ ಮಾತ್ರ ಬರುತ್ತದೆ.

ಹಂತ 3: ಗುಣ ಬೇಡ, ನಡವಳಿಕೆ ಬರೆಯಿರಿ

‘ತಾಳ್ಮೆಯುಳ್ಳವನು’ ಎನ್ನುವ ಬದಲು ‘ರೋಗದ ಬಗ್ಗೆ ಕೇಳಿದರೆ ಔಷಧದ ಹೆಸರು ಹೇಳುವ ಮುಂಚೆ ಎರಡು ಪ್ರಶ್ನೆ ಕೇಳು’ ಎಂದು ಬರೆಯಿರಿ. ‘ಪ್ರಾಮಾಣಿಕ’ ಎನ್ನುವ ಬದಲು ‘ರೈತ ಹೇಳಿದ್ದು ತಪ್ಪಿದ್ದರೆ ಮೊದಲ ಪದದಲ್ಲೇ ಇಲ್ಲ ಎನ್ನು, ಆಮೇಲೆ ಕಾರಣ ಹೇಳು.’ ಬೇಡ ಎನ್ನುವುದಕ್ಕಿಂತ ಬೇಕು ಎನ್ನುವುದು ಚೆನ್ನಾಗಿ ನಡೆಯುತ್ತದೆ. ‘ಉದ್ದ ಬರೆಯಬೇಡ’ ಎಂದರೆ ಎಷ್ಟು ಉದ್ದ ಎಂಬುದು ಅದಕ್ಕೆ ತಿಳಿಯುವುದಿಲ್ಲ, ‘ನಾಲ್ಕು ಸಾಲು’ ಎಂದರೆ ತಿಳಿಯುತ್ತದೆ. ಇಂಥ ನಿಯಮ ಏಳೆಂಟು ಇರಲಿ. ಮೂವತ್ತು ಬರೆದರೆ ಒಂದಕ್ಕೊಂದು ತಾಕಲಾಡಿ, ಯಾವುದನ್ನು ಬಿಡಬೇಕೆಂದು ಯಂತ್ರವೇ ತೀರ್ಮಾನಿಸುತ್ತದೆ.

ಹಂತ 4: ಮಾದರಿ ಮಾತುಕತೆ

ಕೆಡುವುದೆಲ್ಲ ಇಲ್ಲಿಯೇ. ಒಟ್ಟು ಸಮಯದ ಮುಕ್ಕಾಲು ಪಾಲು ಈ ಹಂತಕ್ಕೇ ಕೊಡಿ.

ಮೊದಲು ಭಾಷೆ. ‘ಉತ್ತರ ಕರ್ನಾಟಕದ ಕನ್ನಡ’ ಎಂದು ಬರೆದರೆ ಎಐ ಧಾರವಾಡ, ಬಾಗಲಕೋಟೆ, ಕಲಬುರಗಿ ಎಲ್ಲವನ್ನೂ ಕಲಸಿಬಿಡುತ್ತದೆ. ನಮ್ಮಲ್ಲಿ ‘ಅದ’ ಎನ್ನುವ ಕಡೆ ‘ಐತಿ’ ಬರುತ್ತದೆ, ‘ಒಣಗ್ಲಾಕತ್ತದ’ ಎನ್ನುವ ಕಡೆ ‘ಒಣಗಾಕತ್ತೈತಿ’ ಬರುತ್ತದೆ. ಆಳಂದದ ರೈತನಿಗೆ ಇದು ಪರ ಊರಿನವರ ಮಾತು ಎಂದು ಕೂಡಲೇ ಗೊತ್ತಾಗುತ್ತದೆ. ಜಿಲ್ಲೆಯ ಹೆಸರು ಹೇಳಿದರೂ ಸಾಲದು, ಮಾತನ್ನೇ ಬರೆದು ತೋರಿಸಬೇಕು. ನಿಯಮಗಳನ್ನು ಇಂಗ್ಲಿಷಿನಲ್ಲಿ ಬರೆದರೂ ನಡೆಯುತ್ತದೆ. ಮಾದರಿ ಮಾತ್ರ ನಿಮಗೆ ಬೇಕಾದ ಕನ್ನಡದಲ್ಲೇ ಇರಬೇಕು, ಇಲ್ಲದಿದ್ದರೆ ‘ನಾನು ನಿಮಗೆ ಹೇಗೆ ಸಹಾಯ ಮಾಡಬಹುದು’ ಎಂಬ ಅನುವಾದದ ಕನ್ನಡಕ್ಕೆ ಅದು ಜಾರುತ್ತದೆ.

ನಾಲ್ಕು ಬಗೆಯ ಮಾದರಿ ಬೇಕು: ಮಾಮೂಲಿ ಪ್ರಶ್ನೆ, ತಪ್ಪು ತಿಳಿವಳಿಕೆ, ಯಂತ್ರಕ್ಕೆ ಗೊತ್ತಿರದ ವಿಷಯ, ಸಿಟ್ಟು. ಹೀಗೆ:

ರೈತ: ತೊಗರಿ ಒಣಗ್ಲಾಕತ್ತದ, ಏನ್ ಹೊಡೀಬೇಕು?
ಸಹಾಯಕ: ಹೊಡಿಯೋದು ಆಮ್ಯಾಲ ನೋಡೋಣ್ರಿ. ಮೊದಲ ಒಣಗಿದ ಗಿಡ ಒಂದು ಕಿತ್ತು, ಬುಡದ ಕಡಿ ಕಾಂಡ ಉದ್ದಕ ಸೀಳಿ ನೋಡ್ರಿ. ಒಳಗ ಕಂದು ಇಲ್ಲಾ ಕರೀ ಗೆರಿ ಅದಾವೇನು? ಹೊಲದಾಗ ನೀರು ನಿಂತಿತ್ತೇನು?

ರೈತ: ಎಕರೆಕ್ಕ ಎರಡು ಚೀಲ ಯೂರಿಯಾ ಹಾಕ್ತೀನಿ, ಇಳುವರಿ ಡಬಲ್ ಆಗ್ತದ ಅಲ್ಲಾ?
ಸಹಾಯಕ: ಇಲ್ರಿ, ಆಗಂಗಿಲ್ಲ. ತೊಗರಿ ತನ್ನ ಬೇರಿನ ಗಂಟಿನಾಗೇ ಸಾರಜನಕ ಹಿಡಕೋತದ. ಮಣ್ಣು ಪರೀಕ್ಷಾ ಮಾಡಿಸೀರೇನು?

ರೈತ: ಇವತ್ತ ಗಂಜಿನಾಗ ತೊಗರಿ ರೇಟ್ ಎಷ್ಟದ?
ಸಹಾಯಕ: ಇವತ್ತಿನ ರೇಟ್ ನನ್ನ ಹತ್ರ ಇಲ್ರಿ. ಎಪಿಎಂಸಿದಾಗ ಕೇಳ್ರಿ, ಅದೇ ಖರೇ.

ರೈತ: ನೀವು ಕೊಟ್ಟ ಬೀಜ ಮೊಳಕಿನೇ ಒಡದಿಲ್ಲ, ಮೋಸ ಮಾಡೀರಿ!
ಸಹಾಯಕ: ಬಿತ್ತಿದ್ದು ಏಳಲಿಲ್ಲಂದ್ರ ಸಿಟ್ಟು ಬರೋದೇರಿ. ಚೀಲದ ಮ್ಯಾಲಿನ ಲಾಟ್ ನಂಬರ್, ಬಿಲ್ಲು ಎರಡೂ ಫೋಟೋ ತಗದು ಇಲ್ಲೇ ಕಳಸ್ರಿ. ಎಂದು ಬಿತ್ತೀರಿ, ಆಮ್ಯಾಲ ಮಳಿ ಎಷ್ಟಾತು ಅನ್ನೋದೂ ಬರೀರಿ.

ಮೊದಲನೆಯದರಲ್ಲಿ ಯಂತ್ರ ಕಲಿಯುವುದು ಪದಗಳನ್ನಷ್ಟೇ ಅಲ್ಲ. ನೆಟೆ ರೋಗ ತಗುಲಿದ ಗಿಡದ ಕಾಂಡ ಸೀಳಿದರೆ ಒಳಗೆ ಕಂದು ಅಥವಾ ಕಪ್ಪು ಗೆರೆ ಕಾಣುತ್ತದೆ. ನೀರು ನಿಂತು ಬೇರು ಕೊಳೆತಿದ್ದರೂ ಗಿಡ ಒಣಗುತ್ತದೆ. ಎರಡನ್ನೂ ಬೇರ್ಪಡಿಸುವ ಪ್ರಶ್ನೆಯನ್ನು ಔಷಧಕ್ಕಿಂತ ಮುಂಚೆ ಕೇಳಬೇಕು ಎಂಬ ಕ್ರಮವೇ ಅಲ್ಲಿನ ಸ್ವಭಾವ. ‘ತಾಳ್ಮೆ’ ಎಂಬ ಪದ ಅಲ್ಲಿ ಎಲ್ಲಿಯೂ ಇಲ್ಲ, ತಾಳ್ಮೆ ಇದೆ.

ನೀವು ಬರೆದ ಮಾದರಿಯಲ್ಲಿರುವ ತಪ್ಪುಗಳನ್ನೂ ಎಐ ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತದೆ. ನಾಲ್ಕೂ ಉತ್ತರ ‘ನೋಡ್ರಿ’ ಎಂದು ಶುರುವಾದರೆ ಮುಂದಿನ ನೂರೂ ಹಾಗೇ ಶುರುವಾಗುತ್ತವೆ. ಮಾದರಿ ಎಂಟು ಸಾಲಿದ್ದರೆ, ನಿಯಮದಲ್ಲಿ ನಾಲ್ಕು ಎಂದಿದ್ದರೂ ಉತ್ತರ ಎಂಟರತ್ತ ಎಳೆಯುತ್ತದೆ. ಎಲ್ಲವೂ ತೊಗರಿಯದೇ ಆದರೆ ಕಡಲೆ, ಹೆಸರುಕಾಳಿನ ಪ್ರಶ್ನೆಗೂ ತೊಗರಿಯ ಮಾತು ನುಸುಳಬಹುದು. ಹಾಗಾಗಿ ಬೇರೆ ಬೆಳೆಯದೂ ಒಂದೆರಡು ಸೇರಿಸಿ.

ಇನ್ನೊಂದು ದೊಡ್ಡ ತಪ್ಪು, ಮಾಡಲಾಗದ ಕೆಲಸವನ್ನು ಮಾದರಿಯಲ್ಲಿ ಬರೆಯುವುದು. ‘ಮಾಲಕರಿಗೆ ಈಗ ಮುಟ್ಟಸ್ತೀನಿ’ ಎಂದು ಬರೆದರೆ ಓದಲು ಚೆಂದ. ಆದರೆ ಈ ಸಹಾಯಕನಿಗೆ ಫೋನು ಮಾಡುವ ದಾರಿಯೇ ಇಲ್ಲ. ಅದು ಮುಟ್ಟಿಸಿದ್ದೇನೆ ಎನ್ನುತ್ತದೆ, ರೈತ ಕಾಯುತ್ತಾನೆ, ಯಾರೂ ಬರುವುದಿಲ್ಲ.

ಸಂಬೋಧನೆಯಲ್ಲಿ ಕಾಕಾ, ಮಾವ, ಗೌಡ್ರು, ಸಾವ್ಕಾರ್ರು ಯಾವುದೂ ಬೇಡ. ಎದುರಿಗಿರುವವರು ಯಾರೆಂದು ಯಂತ್ರಕ್ಕೆ ಕಾಣುವುದಿಲ್ಲ. ಇಪ್ಪತ್ತರ ಹುಡುಗಿಗೆ ‘ಕಾಕಾ’ ಎಂದರೆ ಅಭಾಸ, ಕೂಲಿಯವರನ್ನು ‘ಗೌಡ್ರ’ ಎಂದರೆ ಅಣಕಿಸಿದಂತೆ. ಕ್ರಿಯಾಪದದ ಕೊನೆಯ ‘ರಿ’ಯಲ್ಲೇ ಮರ್ಯಾದೆ ಇದೆ, ಅದೂ ವಾಕ್ಯಕ್ಕೊಂದು ಸಾಕು.

ಹಂತ 5: ಗೆರೆ ಎಳೆಯಿರಿ

ಕೀಟನಾಶಕದ ಪ್ರಮಾಣವನ್ನು ಎಐ ಬಾಯಿಂದ ಹೇಳಿಸಲೇಬೇಡಿ. ‘ಪ್ರಮಾಣ ಕೇಳಿದರೆ ಡಬ್ಬಿಯ ಲೇಬಲ್ ಓದಲು ಹೇಳು, ರೈತ ಸಂಪರ್ಕ ಕೇಂದ್ರ ಅಥವಾ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕಳಿಸು’ ಎಂದು ನಿಯಮ ಹಾಕಿ. ‘ನೀ ಮನುಷ್ಯಾನೋ ಮಷೀನೋ?’ ಎಂದು ಕೇಳಿದರೆ ಮಷೀನು ಎಂದೇ ಹೇಳಬೇಕು. ರೈತರ ಆಧಾರ್ ಸಂಖ್ಯೆ, ಪಾಸ್‌ಬುಕ್ಕಿನ ಫೋಟೋ ಒಳಗೆ ಹಾಕಬೇಡಿ.

ಎಐಗೆ ಶರಣರ ವೇಷ ಹಾಕುವುದು ಈಗ ಈ ಭಾಗದಲ್ಲಿ ಹೆಚ್ಚುತ್ತಿದೆ. ‘ನೀನು ಬಸವಣ್ಣ, ವಚನದಲ್ಲಿ ಉತ್ತರಿಸು’ ಎಂದರೆ ಅದು ಹೊಸ ಸಾಲು ಹೊಸೆದು ಕೊನೆಗೆ ‘ಕೂಡಲಸಂಗಮದೇವಾ’ ಅಂಕಿತ ಸೇರಿಸಿ ಕೊಡುತ್ತದೆ. ಮರುದಿನ ಅದು ಶುಭೋದಯದ ಸಂದೇಶವಾಗಿ ಬೀದರಿನಿಂದ ಯಾದಗಿರಿಯವರೆಗೆ ಹರಿದಾಡುತ್ತದೆ, ನಿಜವಾದ ವಚನ ಎಂದೇ ಮಕ್ಕಳು ಭಾಷಣದಲ್ಲಿ ಹೇಳುತ್ತಾರೆ. ಹನ್ನೆರಡನೇ ಶತಮಾನದಲ್ಲಿ ಬಸವಕಲ್ಯಾಣದ ನೆಲದಲ್ಲಿ ನುಡಿದವರ ಬಾಯಿಗೆ ಅವರು ಆಡದ ಮಾತು ತುರುಕುವುದು ದೊಡ್ಡ ಅನ್ಯಾಯ. ಈ ವೇಷ ಹಾಕಬೇಡಿ. ವಚನ ಬೇಕಿದ್ದರೆ ಮುದ್ರಿತ ಸಂಪುಟ ತೆರೆಯಿರಿ.

ಹಂತ 6: ಪರೀಕ್ಷೆ

ಹತ್ತು ಪ್ರಶ್ನೆ ಬರೆದಿಟ್ಟುಕೊಂಡು, ಪ್ರತಿಯೊಂದನ್ನೂ ಹೊಸ ಚಾಟ್‌ನಲ್ಲಿ ಕೇಳಿ. ಒಂದೇ ಚಾಟ್‌ನಲ್ಲಿ ಕೇಳಿದರೆ ಹಿಂದಿನ ಉತ್ತರದ ನೆರಳು ಮುಂದಿನದರ ಮೇಲೆ ಬೀಳುತ್ತದೆ. ಹತ್ತರಲ್ಲಿ ಮೂರು ಬೇಕೆಂದೇ ತಪ್ಪು ಹೇಳುವಂಥವಿರಲಿ, ಎರಡು ವಿಷಯ ಬಿಟ್ಟವು, ಒಂದು ಬೈಗುಳ.

ತಪ್ಪಿಗೆ ತಲೆಯಾಡಿಸುತ್ತದೆಯೇ ಎಂಬುದೇ ಮುಖ್ಯ ಪರೀಕ್ಷೆ. ಹೊಗಳುವ ಚಟ ಈ ಯಂತ್ರಗಳಿಗೆ ಮೊದಲಿನಿಂದಲೂ ಇದೆ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ತನ್ನ ಜಿಪಿಟಿ-4ಒ ಆವೃತ್ತಿಯ ಒಂದು ಅಪ್‌ಡೇಟನ್ನು ಅದು ಅತಿಯಾಗಿ ಓಲೈಸುತ್ತಿದೆ ಎಂಬ ಕಾರಣಕ್ಕೆ ಹಿಂತೆಗೆದುಕೊಂಡಿತು. ನೀವು ‘ಸ್ನೇಹಮಯಿ’ ಎಂದು ಬರೆದಿದ್ದರೆ ಈ ಚಟ ಇನ್ನಷ್ಟು ಏರುತ್ತದೆ, ಆ ಪದ ತೆಗೆದುಹಾಕಿ. ಯೂರಿಯಾ ಪ್ರಶ್ನೆಯನ್ನು ಮೂರು ಸಲ ಒತ್ತಿ ಕೇಳಿ: ‘ನಮ್ಮಪ್ಪ ಹಾಕ್ತಿದ್ದ’, ‘ಬಾಜು ಹೊಲದವ್ರು ಹಾಕ್ಯಾರ’, ‘ನೀ ಹೌದು ಅನ್ನು ಸಾಕು’. ಮೂರನೇ ಸಲಕ್ಕೆ ಬಾಗಿದರೆ, ಅದೇ ಒತ್ತಾಯಕ್ಕೆ ಬಾಗದ ಒಂದು ಮಾತುಕತೆಯನ್ನು ಹಂತ 4ಕ್ಕೆ ಸೇರಿಸಿ. ನಿಯಮವನ್ನು ದಪ್ಪಕ್ಷರದಲ್ಲಿ ಬರೆಯುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಹಂತ 7: ನಿಗಾ

ಒಂದೇ ಚಾಟ್ ಉದ್ದವಾದಷ್ಟೂ ಸ್ವಭಾವ ಸಡಿಲಾಗುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದರಲ್ಲೇ ಮುಂದುವರಿಸಬೇಡಿ, ಒಬ್ಬೊಬ್ಬ ರೈತರಿಗೂ ಒಂದೊಂದು ಹೊಸ ಚಾಟ್ ತೆರೆಯಿರಿ. ಹಿಂದಿನ ಮಾತುಕತೆ ನೆನಪಿಟ್ಟುಕೊಳ್ಳುವ ‘ಮೆಮೊರಿ’ ಸೌಲಭ್ಯ ಆನ್ ಇದ್ದರೆ ಒಬ್ಬರ ಹೊಲದ ವಿವರ ಇನ್ನೊಬ್ಬರ ಉತ್ತರದಲ್ಲಿ ಇಣುಕಬಹುದು, ಅಂಗಡಿಯ ಖಾತೆಯಲ್ಲಿ ಅದನ್ನು ಆಫ್ ಮಾಡಿ. ಸೂಚನೆಗಳ ಒಂದು ಪ್ರತಿ ಬೇರೆ ಕಡೆ, ದಿನಾಂಕ ಹಾಕಿ ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಸಾಲು ಬದಲಿಸಿ, ಅದೇ ಹತ್ತು ಪ್ರಶ್ನೆ ಮತ್ತೆ ಕೇಳಿ. ಕಂಪನಿಯವರು ಎಐಯ ಹೊಸ ಆವೃತ್ತಿ ಬಿಟ್ಟಾಗಲೂ ಹೀಗೇ ಮಾಡಬೇಕು, ನೀವು ಏನೂ ಬದಲಿಸದಿದ್ದರೂ ‘ಅದ’ ಹೋಗಿ ‘ಐತಿ’ ಬಂದಿರುವ ಸಾಧ್ಯತೆ ಇದೆ. ಜೂನ್‌ನಲ್ಲಿ ಬಿತ್ತನೆ ಶುರುವಾಗುವ ಮುಂಚೆ ಬೀಜದ ಮಾದರಿ ಮಾತುಕತೆಗಳನ್ನು, ತೊಗರಿ ಹೂ ಬಿಡುವ ಹೊತ್ತಿಗೆ ಕಾಯಿಕೊರಕದ್ದನ್ನು ಮೇಲಕ್ಕೆ ತನ್ನಿ.