ಅಜ್ಜಿ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ: ಅರ್ಜಿ, ಖಾತೆ, ದಾಖಲೆಗಳ ದಾರಿ

ಅಪ್ಪ ಅಮ್ಮ ತೀರಿಕೊಂಡ ಮಕ್ಕಳನ್ನು ನಮ್ಮಲ್ಲಿ ಸಾಮಾನ್ಯವಾಗಿ ಕರೆದುಕೊಂಡು ಹೋಗುವುದು ಅಜ್ಜಿ, ಸೋದರಮಾವ, ಚಿಕ್ಕಮ್ಮ ಅಥವಾ ದೊಡ್ಡಪ್ಪ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗುವುದಿಲ್ಲ, ಕಾಗದ ಮಾಡಿಸುವುದಿಲ್ಲ, ಮಗು ಮನೆಗೆ ಬರುತ್ತದೆ ಅಷ್ಟೆ. ಎರಡು ಮೂರು ತಿಂಗಳು ಕಳೆದು ಶಾಲೆಯ ಖರ್ಚು, ಔಷಧಿ, ಬಟ್ಟೆ ಎಲ್ಲ ಒಟ್ಟಿಗೆ ಮೇಲೆ ಬಿದ್ದಾಗ ನೆರವು ಹುಡುಕಲು ಹೊರಡುತ್ತಾರೆ. ಆಗ ಹಲವರು ಕೇಳುವುದು ಪೋಷಕತ್ವ (ಫಾಸ್ಟರ್ ಕೇರ್) ಯೋಜನೆಯನ್ನು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಅದು ಮಗುವಿನ ಸ್ವಂತ ಕುಟುಂಬವಲ್ಲದ ಬೇರೊಂದು ಕುಟುಂಬ ಮಗುವನ್ನು ಸಾಕುವ ವ್ಯವಸ್ಥೆ. 'ನೀವು ಸಂಬಂಧಿಕರು, ನಿಮಗೆ ಬರುವುದಿಲ್ಲ' ಎಂದು ಹೇಳಿ ಕಳಿಸಿದರೆ ಅಲ್ಲಿಗೇ ಕೈಬಿಡುತ್ತಾರೆ. ಕೈಬಿಡಬೇಡಿ. ಬಂಧುಗಳು ಕೇಳಬೇಕಾದದ್ದು ಅದೇ ಕಾಯ್ದೆಯ 45ನೇ ಕಲಂನಲ್ಲಿರುವ, ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಡಿ ನಡೆಯುವ ಪ್ರಾಯೋಜಕತ್ವ (ಸ್ಪಾನ್ಸರ್‌ಶಿಪ್) ಯೋಜನೆ. ತಿಂಗಳಿಗೆ 4,000 ರೂಪಾಯಿ, ಮಗುವಿಗೆ 18 ವರ್ಷ ತುಂಬುವವರೆಗೆ.

ಅರ್ಹತೆಯಲ್ಲಿ ನೋಡುವುದು ಎರಡು. ಒಂದು ಆದಾಯ: ಮಗು ಈಗ ಇರುವ ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಭಾಗದಲ್ಲಿ 72,000 ರೂಪಾಯಿ, ಉಳಿದೆಡೆ 96,000 ರೂಪಾಯಿ ಮೀರಬಾರದು. ತೀರಿಹೋದ ತಂದೆಯ ಹೆಸರಿನ ಹಳೆಯ ಆದಾಯ ಪ್ರಮಾಣಪತ್ರ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಸಾಕುತ್ತಿರುವವರ ಹೆಸರಿನಲ್ಲಿ ನಾಡಕಚೇರಿಯಿಂದ ಹೊಸದು ಮಾಡಿಸಿ. ಎರಡನೆಯದು ಮಗುವಿನ ಸ್ಥಿತಿ. ತಂದೆ ತಾಯಿ ಇಬ್ಬರೂ ಇಲ್ಲದೆ ಬಂಧುಗಳ ಜತೆ ಇರುವ ಮಕ್ಕಳು ನೇರವಾಗಿ ಬರುತ್ತಾರೆ. ತಂದೆ ತಾಯಿಗೆ ಪ್ರಾಣಾಂತಿಕ ಕಾಯಿಲೆ ಇದ್ದರೆ, ಅಪಘಾತದಿಂದ ದುಡಿಯಲಾಗದ ಸ್ಥಿತಿಗೆ ಬಂದಿದ್ದರೆ ಅವರ ಮಕ್ಕಳೂ ಬರುತ್ತಾರೆ.

ಹೆಚ್ಚು ಗೊಂದಲ ಆಗುವುದು ಅಪ್ಪ ಸತ್ತು ಅಮ್ಮ ಬಿಟ್ಟುಹೋದ ಮಕ್ಕಳ ವಿಷಯದಲ್ಲಿ. ತಾಯಿ ಬದುಕಿದ್ದಾಳೆ, ಹಾಗಾಗಿ ಅನಾಥ ಅಲ್ಲ ಎಂದು ಮನೆಯವರೇ ತೀರ್ಮಾನಿಸಿಬಿಡುತ್ತಾರೆ. ಕಾಯ್ದೆ ಅಷ್ಟು ಬಿಗಿಯಾಗಿಲ್ಲ. ಮಗುವಿನ ಹೊಣೆ ಹೊರಬೇಕಾದವರು ಅದಕ್ಕೆ ಸಿದ್ಧರಿಲ್ಲದಿದ್ದರೆ ಅಥವಾ ಶಕ್ತರಲ್ಲದಿದ್ದರೆ ಆ ಮಗುವನ್ನೂ ಅನಾಥ ಎಂದು ಪರಿಗಣಿಸಲು ಅವಕಾಶವಿದೆ. ಅದನ್ನು ನಿರ್ಧರಿಸುವುದು ಮಕ್ಕಳ ಕಲ್ಯಾಣ ಸಮಿತಿ. ಆದ್ದರಿಂದ ತಾಯಿ ಯಾವಾಗ ಹೋದಳು, ಈಗ ಎಲ್ಲಿದ್ದಾಳೆ, ಮರುಮದುವೆ ಆಗಿದೆಯೇ, ಮಗುವಿಗೆ ಏನಾದರೂ ಕಳಿಸುತ್ತಾಳೆಯೇ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ತಾಯಿ ಸತ್ತಿದ್ದಾಳೆ ಎಂದು ಸುಳ್ಳು ಬರೆಸಿದರೆ ಮನೆ ಭೇಟಿಯಲ್ಲಿ ಅಕ್ಕಪಕ್ಕದವರನ್ನು ವಿಚಾರಿಸಿದಾಗ ಗೊತ್ತಾಗಿಬಿಡುತ್ತದೆ. ಸಿಗಬೇಕಾದದ್ದೂ ಆಗ ಕೈತಪ್ಪುತ್ತದೆ.

ಅರ್ಜಿ ಕೊಡುವುದು ಜಿಲ್ಲಾ ಕೇಂದ್ರದಲ್ಲಿರುವ ಮಕ್ಕಳ ರಕ್ಷಣಾ ಘಟಕದಲ್ಲಿ. ಇದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿ. ಎಲ್ಲಿದೆ ಎಂದು ತಿಳಿಯದಿದ್ದರೆ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಅರ್ಜಿಗೆ ಹಣ ಕೊಡಬೇಕಿಲ್ಲ, ನಡುವೆ ದಲ್ಲಾಳಿ ಬೇಕಿಲ್ಲ. ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಫೋಟೊ, ತಂದೆ ತಾಯಿಯ ಮರಣ ಪ್ರಮಾಣಪತ್ರ, ನಿಮ್ಮ ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್. ಎಲ್ಲದರ ಎರಡು ಜತೆ ನಕಲು ಇಟ್ಟುಕೊಳ್ಳಿ, ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪಡೆಯಿರಿ. ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ, ಅದು ಅನುಮೋದನಾ ಸಮಿತಿಯ ಮುಂದೆ ಹೋಗುತ್ತದೆ. ಅವರು ಬರುವ ದಿನ ಮನೆಯನ್ನು ಸಿಂಗರಿಸುವ ಅಗತ್ಯವಿಲ್ಲ. ಅವರು ನೋಡುವುದು ಮಗು ಶಾಲೆಗೆ ಹೋಗುತ್ತಿದೆಯೇ, ಎಲ್ಲಿ ಮಲಗುತ್ತದೆ, ಯಾರು ನೋಡಿಕೊಳ್ಳುತ್ತಾರೆ, ದುಡಿಯಲು ಕಳಿಸುತ್ತಿದ್ದೀರಾ ಎಂಬುದನ್ನು. ಮಗುವಿನ ಜತೆ ಬೇರೆಯಾಗಿಯೂ ಮಾತಾಡಬಹುದು, ಅದಕ್ಕೆ ಬಿಡಿ.

ಅರ್ಜಿಗಳು ನಿಂತುಹೋಗುವುದು ಹೆಚ್ಚಾಗಿ ಹೆಸರಿನ ಅಕ್ಷರಗಳಲ್ಲಿ. ತಂದೆಯ ಮರಣ ಪ್ರಮಾಣಪತ್ರದಲ್ಲಿ 'ಮಂಜುನಾಥ', ಮಗುವಿನ ಶಾಲಾ ದಾಖಲೆಯಲ್ಲಿ 'ಮಂಜಪ್ಪ', ಪಡಿತರ ಚೀಟಿಯಲ್ಲಿ 'ಮಂಜುನಾಥ ಕೆ'. ಮೂವರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು, ಕಡತಕ್ಕೆ ಗೊತ್ತಿಲ್ಲ. ಅರ್ಜಿಗೆ ಮೊದಲೇ ಎಲ್ಲ ಕಾಗದಗಳನ್ನು ನೆಲದ ಮೇಲೆ ಹರಡಿ ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕಗಳನ್ನು ಒಂದೊಂದಾಗಿ ತಾಳೆ ನೋಡಿ. ತಿದ್ದಲಾಗದ್ದಕ್ಕೆ ನೋಟರಿ ಅಫಿಡವಿಟ್ ಸಾಕೇ ಎಂದು ಘಟಕದಲ್ಲೇ ಕೇಳಿ. ಮರಣವನ್ನು ನೋಂದಾಯಿಸಿಯೇ ಇಲ್ಲದಿದ್ದರೆ ತಡಮಾಡಬೇಡಿ: 21 ದಿನದೊಳಗೆ ಸುಲಭ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಅಧಿಕಾರವಿರುವ ಅಧಿಕಾರಿಯ ಆದೇಶವೇ ಬೇಕು.

ಇನ್ನೊಂದು ತೊಡಕು ಬ್ಯಾಂಕ್ ಖಾತೆ. ಹಣ ಮಗುವಿಗೆ ಸಂಬಂಧಿಸಿದ ಖಾತೆಗೇ ಬರುವುದು. ಅಜ್ಜಿ ಕಾನೂನಿನ ಕಣ್ಣಲ್ಲಿ ಸಹಜ ಪೋಷಕಿ ಅಲ್ಲ, ಹಾಗಾಗಿ ಕೋರ್ಟ್ ಆದೇಶ ತನ್ನಿ ಎಂದು ಬ್ಯಾಂಕಿನಲ್ಲಿ ಹೇಳುವುದುಂಟು. ಮಗುವಿಗೆ 10 ವರ್ಷ ತುಂಬಿದ್ದರೆ ತಾನೇ ನಿರ್ವಹಿಸುವ ಉಳಿತಾಯ ಖಾತೆ ತೆರೆಯಲು ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶವಿದೆ, ಅಂಚೆ ಕಚೇರಿಯಲ್ಲೂ ಆಗುತ್ತದೆ. ಚಿಕ್ಕ ಮಗುವಾದರೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಅಥವಾ ಘಟಕದ ಪತ್ರ ಹಿಡಿದು ಬ್ಯಾಂಕಿಗೆ ಹೋಗಿ. ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಮಗುವಿನ ಆಧಾರ್‌ನಲ್ಲಿ 5 ಮತ್ತು 15ನೇ ವಯಸ್ಸಿನ ಬೆರಳಚ್ಚು ನವೀಕರಣ ಬಾಕಿಯಿದ್ದರೆ ಅದನ್ನೂ ಮುಗಿಸಿಕೊಳ್ಳಿ. ಮಂಜೂರಾದ ಮೇಲೂ ಹಣ ಪ್ರತಿ ತಿಂಗಳು ಒಂದನೇ ತಾರೀಖಿಗೆ ಬರುತ್ತದೆಂದು ಎಣಿಸಬೇಡಿ. ಅನುದಾನ ಬಿಡುಗಡೆ ಆದಾಗ ಹಲವು ತಿಂಗಳದ್ದು ಒಟ್ಟಿಗೆ ಬರುವುದೂ ಇದೆ. ಈ ಹಣ ನಂಬಿ ಸಾಲ ಮಾಡಬೇಡಿ.

ಪ್ರತಿ ವರ್ಷ ಮರುಪರಿಶೀಲನೆ ನಡೆಯುತ್ತದೆ. ಕಾರಣವಿಲ್ಲದೆ ಶಾಲೆ ತಪ್ಪಿದರೆ ನೆರವು ನಿಲ್ಲಬಹುದು. ಹಾಸ್ಟೆಲ್‌ಗೋ ವಸತಿ ಶಾಲೆಗೋ ಸೇರಿಸಿದರೂ ನಿಲ್ಲುತ್ತದೆ. ಅಜ್ಜಿಗೆ ತೀರಾ ವಯಸ್ಸಾಗಿದ್ದರೆ ಒಳ್ಳೆಯ ವಸತಿ ಶಾಲೆಯೇ ಮಗುವಿಗೆ ಮೇಲು ಎನಿಸುವುದು ಸಹಜ. ಹಾಗಿದ್ದರೆ 4,000 ರೂಪಾಯಿ ಹೋಗುತ್ತದೆಂದು ಹಿಂಜರಿಯಬೇಡಿ, ಲೆಕ್ಕ ಹಾಕಿ ನಿರ್ಧರಿಸಿ, ಘಟಕಕ್ಕೆ ಮೊದಲೇ ತಿಳಿಸಿ.

ಪ್ರಾಯೋಜಕತ್ವ ಕೈಸೇರುವ ಮುನ್ನವೇ ಹುಡುಕಬೇಕಾದ ಹಣ ಇನ್ನೊಂದಿದೆ: ತಂದೆ ತಾಯಿ ಬಿಟ್ಟುಹೋದದ್ದು. ಅವರ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಮೇ ಜೂನ್ ತಿಂಗಳ ಸಾಲುಗಳನ್ನು ನೋಡಿ. 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆ. ಮೊದಲನೆಯದರಲ್ಲಿ ಸಾವಿಗೆ, ಎರಡನೆಯದರಲ್ಲಿ ಅಪಘಾತದ ಸಾವಿಗೆ ತಲಾ 2 ಲಕ್ಷ ರೂಪಾಯಿ. ಗಾರ್ಮೆಂಟ್ಸ್, ಸೆಕ್ಯೂರಿಟಿ, ಕಾರ್ಖಾನೆ ಕೆಲಸದಲ್ಲಿ ಪಿಎಫ್ ಇದ್ದವರು ಸೇವೆಯಲ್ಲಿರುವಾಗ ತೀರಿಕೊಂಡಿದ್ದರೆ, ಇಬ್ಬರೂ ಇಲ್ಲದ ಮಕ್ಕಳಿಗೆ ಅನಾಥ ಪಿಂಚಣಿ ಬರುತ್ತದೆ: ವಿಧವೆಗೆ ಸಿಗುವುದರ 75 ಶೇಕಡಾ, ಕನಿಷ್ಠ 750 ರೂಪಾಯಿ, ಒಂದು ಸಲಕ್ಕೆ ಇಬ್ಬರು ಮಕ್ಕಳಿಗೆ, 25 ವರ್ಷದವರೆಗೆ. ತಾಯಿ ಮರುಮದುವೆಯಾಗಿ ಅವಳ ಪಿಂಚಣಿ ನಿಂತರೂ ಮಕ್ಕಳಿಗೆ ಇದು ಸಲ್ಲುತ್ತದೆ. ಪಿಂಚಣಿಗೆ ಫಾರಂ 10-ಡಿ, ಪಿಎಫ್ ಹಣಕ್ಕೆ ಫಾರಂ 20, ಪಿಎಫ್ ಜತೆಗಿನ ವಿಮೆಗೆ 5-ಐಎಫ್; ಮೂರೂ ಬೇರೆ ಬೇರೆ, ಮೂರನ್ನೂ ಕೇಳಿ ಹಾಕಿ. ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೂ ಹೋಗಿ.

ಮಗುವಿನ ಹೆಸರನ್ನು ಹಳೆಯ ಪಡಿತರ ಚೀಟಿಯಿಂದ ತೆಗೆಸಿ ನಿಮ್ಮದಕ್ಕೆ ಸೇರಿಸಿ. ಬಿಪಿಎಲ್ ಚೀಟಿಯಲ್ಲಿ ಅಕ್ಕಿ ತಲೆ ಲೆಕ್ಕದಲ್ಲಿ ಸಿಗುತ್ತದೆ.

ತಂದೆಯ ಹೆಸರಿನಲ್ಲಿ ಜಮೀನೋ ಮನೆಯೋ ಇದ್ದರೆ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ ಅರ್ಜಿ ಹಾಕಿ, ಮಕ್ಕಳ ಹೆಸರು ಪಹಣಿಗೆ ಬರಲಿ. ಸಾಕಿದ ಮಾತ್ರಕ್ಕೆ ಮಗುವಿನ ಪಾಲು ಮಾರುವ ಅಧಿಕಾರ ಯಾವ ಬಂಧುವಿಗೂ ಬರುವುದಿಲ್ಲ. 1956ರ ಹಿಂದೂ ಅಪ್ರಾಪ್ತರ ಪೋಷಕತ್ವ ಕಾಯ್ದೆಯ 11ನೇ ಕಲಂ ಅದನ್ನು ತಡೆಯುತ್ತದೆ. ದಾಯಾದಿಗಳು ಖಾತೆಗೆ ತಕರಾರು ಹಾಕಿದರೆ, ವಿಮೆ ಕಂಪನಿ ಕೋರ್ಟಿನ ಪೋಷಕತ್ವ (ಗಾರ್ಡಿಯನ್) ಆದೇಶ ಕೇಳಿದರೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಕ್ಕಳಿಗೂ ಮಹಿಳೆಯರಿಗೂ ಅಲ್ಲಿ ಆದಾಯದ ಮಿತಿಯಿಲ್ಲದೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ, ಸಹಾಯವಾಣಿ 15100.